ಎದೆಯೊಳಗಿನ ಇಂಪ್ಲಾಂಟ್‌ಗೂ ಆಯುಷ್ಯವುಂಟು

ಸ್ತನದ ಗಾತ್ರ ಹೆಚ್ಚಿಸುವ ಶಸ್ತ್ರಚಿಕಿತ್ಸೆ ಒಮ್ಮೆ ಮಾಡಿಸಿದರೆ ಮುಗಿಯಿತು ಎಂಬ ನಂಬಿಕೆಯೇ ತಪ್ಪು. ಎರಡನೇ ಬಾರಿ ಆಪರೇಷನ್ ಟೇಬಲ್ ಹತ್ತಬೇಕಾದಾಗ ಏನು ತಿಳಿದಿರಬೇಕು?

ಶಸ್ತ್ರಚಿಕಿತ್ಸೆ ನಡೆದದ್ದು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತದೆ. ಎಂಟು-ಹತ್ತು ವರ್ಷದ ಮೇಲೆ ನೋವು ಕಾಣಿಸಿಕೊಳ್ಳುವುದು ಗದಗ ಜಿಲ್ಲೆಯ ಮುಂಡರಗಿಯ ಗಂಡನ ಮನೆಯಲ್ಲಿ, ಇಲ್ಲವೇ ಲಕ್ಷ್ಮೇಶ್ವರದ ತವರಿನಲ್ಲಿ. ಅಷ್ಟರಲ್ಲಿ ಅಂದಿನ ವೈದ್ಯರು ಬೇರೆ ಆಸ್ಪತ್ರೆಗೆ ಹೋಗಿರುತ್ತಾರೆ, ಫೈಲು ಎಲ್ಲೋ ಕಳೆದಿರುತ್ತದೆ. ಮನೆಮಂದಿಗೆ ವಿಷಯವೇ ಗೊತ್ತಿರುವುದಿಲ್ಲ. ಎದೆಯ ಬಗ್ಗೆ ಬಾಯಿ ಬಿಟ್ಟು ಮಾತಾಡುವುದೇ ಕಷ್ಟವಾದ ನಮ್ಮ ಕಡೆ, ಇಂಥ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅದನ್ನು ಮುಚ್ಚಿಡುತ್ತಾರೆ. ತೊಂದರೆ ಬಂದಾಗ ಅದನ್ನೂ ಮುಚ್ಚಿಡುತ್ತಾರೆ.

ಹೀಗೆ ಸ್ತನದೊಳಗೆ ಜೆಲ್ ಇಲ್ಲವೇ ಉಪ್ಪುನೀರು ತುಂಬಿದ ಚೀಲ, ಅಂದರೆ ಇಂಪ್ಲಾಂಟ್, ಹಾಕಿಸಿಕೊಂಡವರೆಲ್ಲ ಚೆಲುವಿನ ಆಸೆಗೆ ಬಿದ್ದವರೆಂದು ತಿಳಿಯಬೇಕಿಲ್ಲ. ಹುಟ್ಟಿನಿಂದಲೇ ಒಂದು ಕಡೆಯ ಸ್ತನ ಬೆಳೆಯದವರು ಇದ್ದಾರೆ. ಕ್ಯಾನ್ಸರ್‌ಗೆ ಸ್ತನ ತೆಗೆಸಿ ಮರುರಚನೆ ಮಾಡಿಸಿಕೊಂಡವರು, ಹೆಣ್ಣಾಗಿ ಬದುಕಲು ಬಯಸಿದ ಲಿಂಗತ್ವ ಅಲ್ಪಸಂಖ್ಯಾತರು, ಎರಡು ಹೆರಿಗೆಯ ನಂತರ ಮೊದಲಿನಂತೆ ಕಾಣಬೇಕೆಂದುಕೊಂಡವರೂ ಇದ್ದಾರೆ. ಕಾರಣ ಯಾವುದೇ ಇರಲಿ, ಒಳಗಿರುವ ವಸ್ತು ಒಂದೇ, ಅದು ಕೊಡಬಹುದಾದ ತೊಂದರೆಗಳೂ ಹೆಚ್ಚುಕಡಿಮೆ ಒಂದೇ. ಅವನ್ನು ಸರಿಪಡಿಸುವ ಚಿಕಿತ್ಸೆಯನ್ನು ವೈದ್ಯರು ರಿವಿಷನ್ ಸರ್ಜರಿ ಎನ್ನುತ್ತಾರೆ. ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಕೇಳುವ ಪ್ರಶ್ನೆ ‘ಎಷ್ಟು ದೊಡ್ಡದು ಬೇಕು?’ ಎಂಬುದು. ಎರಡನೆಯದರಲ್ಲಿ ‘ಕೆಟ್ಟದ್ದು ಏನು, ಯಾಕೆ ಕೆಟ್ಟಿತು?’ ಎಂದು ಕೇಳಬೇಕು. ಇದಕ್ಕೆ ಉತ್ತರ ಸಿಗುವ ಮೊದಲೇ ಚಾಕು ಹಿಡಿದರೆ ಮೂರನೇ ಶಸ್ತ್ರಚಿಕಿತ್ಸೆಗೆ ದಾರಿ ಮಾಡಿಕೊಟ್ಟಂತೆ.

ಹ್ಯೂಸ್ಟನ್‌ನಿಂದ ಶುರುವಾದ ಕಥೆ

ಎದೆಯ ಆಕಾರ ಸರಿಪಡಿಸುವ ಪ್ರಯತ್ನ ಹಳೆಯದು. 1895ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ಶಸ್ತ್ರವೈದ್ಯ ವಿನ್ಸೆಂಜ್ ಚೆರ್ನಿ, ಗಡ್ಡೆ ತೆಗೆದ ಸ್ತನದ ಹಳ್ಳವನ್ನು ಅದೇ ಮಹಿಳೆಯ ಮೈಯಲ್ಲಿದ್ದ ಕೊಬ್ಬಿನ ಗಡ್ಡೆಯಿಂದ ತುಂಬಿದರು. ಆಮೇಲಿನ ದಶಕಗಳಲ್ಲಿ ಪ್ಯಾರಾಫಿನ್ ಮೇಣ, ದ್ರವರೂಪದ ಸಿಲಿಕೋನ್‌ಗಳನ್ನು ನೇರವಾಗಿ ಚುಚ್ಚಿದ್ದೂ ಉಂಟು. ಅವು ಒಳಗೇ ಹರಡಿ ಗಂಟು ಕಟ್ಟಿ ಹುಣ್ಣಾಗಿ ಅನೇಕರ ಬಾಳು ಹಾಳಾಯಿತು.

ಇಂದಿನ ರೂಪದ ಸಿಲಿಕೋನ್ ಇಂಪ್ಲಾಂಟ್ ಮೊದಲು ಮೈಯೊಳಗೆ ಸೇರಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ. ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಎಂಬ ವೈದ್ಯರು ಟಿಮ್ಮಿ ಜೀನ್ ಲಿಂಡ್ಸೆ ಎಂಬ ಮಹಿಳೆಗೆ ಆ ಶಸ್ತ್ರಚಿಕಿತ್ಸೆ ಮಾಡಿದರು. ಆಕೆ ಆಸ್ಪತ್ರೆಗೆ ಹೋದದ್ದು ಎದೆಯ ಮೇಲಿನ ಹಚ್ಚೆ ಅಳಿಸಿಕೊಳ್ಳಲು. ಮುಂದೆ ಲಕ್ಷಾಂತರ ಹೆಂಗಸರು ಅದೇ ದಾರಿ ಹಿಡಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1992ರಲ್ಲಿ ಸುರಕ್ಷತೆಯ ಪುರಾವೆ ಸಾಲದೆಂದು ಸಿಲಿಕೋನ್ ಜೆಲ್ ಇಂಪ್ಲಾಂಟ್‌ಗಳ ಬಳಕೆಗೆ ಕಡಿವಾಣ ಹಾಕಿತು. 2006ರಲ್ಲಿ ಎರಡು ಕಂಪನಿಗಳ ಉತ್ಪನ್ನಕ್ಕೆ ಮತ್ತೆ ಒಪ್ಪಿಗೆ ಕೊಟ್ಟಿತು.

ಇಷ್ಟು ವರ್ಷಗಳ ಅನುಭವದಿಂದ ಒಂದು ಮಾತು ಗಟ್ಟಿಯಾಗಿದೆ: ಇಂಪ್ಲಾಂಟ್ ಜೀವಮಾನದ ವಸ್ತುವಲ್ಲ. ಗಾತ್ರ ಹೆಚ್ಚಿಸಲು ಹಾಕಿಸಿಕೊಂಡವರಲ್ಲಿ ಶೇ 20ರಷ್ಟು ಮಂದಿ 8ರಿಂದ 10 ವರ್ಷಗಳೊಳಗೆ ಅದನ್ನು ತೆಗೆಸಬೇಕಾಗಬಹುದು ಎಂದು ಎಫ್‌ಡಿಎ ಹೇಳುತ್ತದೆ. ಮರುರಚನೆಯ ರೋಗಿಗಳಲ್ಲಿ, ಅದರಲ್ಲೂ ವಿಕಿರಣ ಚಿಕಿತ್ಸೆ ಪಡೆದವರಲ್ಲಿ, ತೊಂದರೆಯ ಸಾಧ್ಯತೆ ಇನ್ನೂ ಹೆಚ್ಚು.

ಪೊರೆ ಬಿಗಿದಾಗ

ಹೊರಗಿನ ವಸ್ತು ಯಾವುದೇ ಒಳಗೆ ಬಂದರೂ ದೇಹ ಅದರ ಸುತ್ತ ತೆಳ್ಳನೆಯ ಪೊರೆ ಕಟ್ಟುತ್ತದೆ. ಪೇಸ್‌ಮೇಕರ್ ಸುತ್ತಲೂ ಕಟ್ಟುತ್ತದೆ, ಸ್ತನದ ಇಂಪ್ಲಾಂಟ್ ಸುತ್ತಲೂ ಕಟ್ಟುತ್ತದೆ. ಇದಕ್ಕೆ ಕ್ಯಾಪ್ಸುಲ್ ಎಂದು ಹೆಸರು. ಹೆಚ್ಚಿನವರಲ್ಲಿ ಇದು ಮೆತ್ತಗೆ ಇದ್ದುಬಿಡುತ್ತದೆ. ಕೆಲವರಲ್ಲಿ ದಪ್ಪವಾಗಿ, ಕುಗ್ಗಿ, ಇಂಪ್ಲಾಂಟನ್ನು ನಾಲ್ಕೂ ಕಡೆಯಿಂದ ಅಮುಕತೊಡಗುತ್ತದೆ. ಇದೇ ಕ್ಯಾಪ್ಸುಲರ್ ಕಾಂಟ್ರಾಕ್ಚರ್. ಮರುಶಸ್ತ್ರಚಿಕಿತ್ಸೆಗೆ ಬರುವವರ ಅತಿ ಸಾಮಾನ್ಯ ಕಾರಣಗಳಲ್ಲಿ ಇದೊಂದು. ‘ಎದಿ ಕಲ್ಲಿನಂಗ ಗಟ್ಟಿ ಆಗೇತ್ರಿ, ಒಂದ್ ಬಾಜೂ ಮ್ಯಾಲೆ ಏರೇತ್ರಿ’ ಎಂದು ನಮ್ಮ ಕಡೆಯ ಹೆಣ್ಣುಮಗಳು ಹೇಳಿದರೆ, ವೈದ್ಯರಿಗೆ ಅರ್ಧ ರೋಗನಿರ್ಣಯ ಅಲ್ಲಿಯೇ ಸಿಕ್ಕಂತೆ.

ಇದರ ತೀವ್ರತೆಯನ್ನು ಬೇಕರ್ ಎಂಬ ವೈದ್ಯರ ಹೆಸರಿನ ನಾಲ್ಕು ಹಂತಗಳಲ್ಲಿ ಅಳೆಯುತ್ತಾರೆ. ಮೊದಲ ಹಂತದಲ್ಲಿ ಸ್ತನ ಮೆತ್ತಗೆ, ಸಹಜವಾಗಿ ಇರುತ್ತದೆ. ಎರಡನೆಯದರಲ್ಲಿ ಮುಟ್ಟಿದರೆ ತುಸು ಬಿಗಿ, ಕಣ್ಣಿಗೆ ಏನೂ ಕಾಣದು. ಮೂರನೆಯದರಲ್ಲಿ ಬಿಗಿಯ ಜೊತೆ ಆಕಾರವೂ ಕೆಡುತ್ತದೆ. ನಾಲ್ಕನೆಯದರಲ್ಲಿ ನೋವೂ ಸೇರಿಕೊಳ್ಳುತ್ತದೆ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತು ಬರುವುದು ಕೊನೆಯ ಎರಡು ಹಂತಗಳಲ್ಲಿ.

ಪೊರೆ ಯಾಕೆ ಬಿಗಿಯುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಮೊದಲ ಶಸ್ತ್ರಚಿಕಿತ್ಸೆಯ ವೇಳೆ ಒಳಗೆ ಉಳಿದ ರಕ್ತ, ಸೋರಿದ ಜೆಲ್, ವಿಕಿರಣ ಚಿಕಿತ್ಸೆ ಇವೆಲ್ಲ ಕಾರಣವಾಗಬಹುದು. ಚರ್ಮದ ಮೇಲೆ ಸದಾ ವಾಸಿಸುವ ಸೂಕ್ಷ್ಮಜೀವಿಗಳು ಇಂಪ್ಲಾಂಟಿನ ಮೈಗೆ ಅಂಟಿಕೊಂಡು, ಜ್ವರ-ಕೀವು ಯಾವುದೂ ಇಲ್ಲದೆ ವರ್ಷಗಟ್ಟಲೆ ಉಳಿದು ಪೊರೆಯನ್ನು ಕೆರಳಿಸುತ್ತವೆ ಎಂಬ ವಾದಕ್ಕೂ ಇಂದು ಬಲ ಬಂದಿದೆ. ಆದ್ದರಿಂದಲೇ ಹಳೆಯ ಇಂಪ್ಲಾಂಟನ್ನು ತೊಳೆದು ಅದೇ ಜಾಗಕ್ಕೆ ಮತ್ತೆ ಇಡುವುದನ್ನು ಒಳ್ಳೆಯ ವೈದ್ಯರು ಒಪ್ಪುವುದಿಲ್ಲ. ಹಿಂದೆ ಎದೆಯನ್ನು ಹೊರಗಿನಿಂದಲೇ ಎರಡೂ ಕೈಯಲ್ಲಿ ಬಲವಾಗಿ ಹಿಸುಕಿ ಪೊರೆ ಹರಿಯುವ ಪದ್ಧತಿಯಿತ್ತು. ಅದರಿಂದ ರಕ್ತಸ್ರಾವವಾಗಿ, ಇಂಪ್ಲಾಂಟೇ ಒಡೆಯುತ್ತಿದ್ದುದರಿಂದ ಕೈಬಿಡಲಾಯಿತು. ಎಣ್ಣೆ ಹಚ್ಚಿ ತಿಕ್ಕಿಸಿದರೆ ಸಡಿಲವಾದೀತು ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಡಬೇಕು.

ಒಡೆಯುವುದು, ಜಾರುವುದು

ಉಪ್ಪುನೀರು ತುಂಬಿದ ಇಂಪ್ಲಾಂಟ್ ಒಡೆದರೆ ಒಂದೆರಡು ದಿನದಲ್ಲಿ ಸ್ತನ ಇಳಿದು ಗೊತ್ತಾಗುತ್ತದೆ. ನೀರನ್ನು ದೇಹ ಹೀರಿಕೊಳ್ಳುತ್ತದೆ. ಸಿಲಿಕೋನ್ ಜೆಲ್ ಹಾಗಲ್ಲ. ಅದು ಒಡೆದರೂ ಜೆಲ್ ಪೊರೆಯೊಳಗೇ ನಿಂತು, ಹೊರಗೆ ಏನೂ ಕಾಣದೆ ಇರಬಹುದು. ಇಂಥ ಮೌನ ಸೋರಿಕೆಯನ್ನು ಕೈಯಿಂದ ಮುಟ್ಟಿ ಹೇಳಲಾಗದು. ಅದಕ್ಕೇ ಜೆಲ್ ಇಂಪ್ಲಾಂಟ್ ಇರುವವರು 5-6 ವರ್ಷಕ್ಕೆ ಮೊದಲ ಬಾರಿ, ಆಮೇಲೆ 2-3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆಂದು ಎಫ್‌ಡಿಎ 2021ರಲ್ಲಿ ಸಲಹೆ ಕೊಟ್ಟಿದೆ. ಏನೂ ತೊಂದರೆ ಇಲ್ಲದಿದ್ದರೂ ಮಾಡಿಸಬೇಕು.

ಜಾಗ ಬದಲಾಗುವುದು ಇನ್ನೊಂದು ಬಗೆಯ ತೊಂದರೆ. ಕೆಳಗೆ ಜಾರಿದ ಇಂಪ್ಲಾಂಟಿನಿಂದ ಮೊಲೆತೊಟ್ಟು ಮೇಲ್ಮುಖವಾಗುತ್ತದೆ. ಮಲಗಿದಾಗ ಕಂಕುಳ ಕಡೆಗೆ ಸರಿಯುವುದುಂಟು. ನಡುವಿನ ಗೆರೆ ಅಳಿದು ಎರಡೂ ಸ್ತನ ಕೂಡಿಕೊಂಡಂತೆ ಆಗುವುದೂ ಉಂಟು. ಮೈಕಟ್ಟಿಗೆ ಮೀರಿದ ಗಾತ್ರ ಆರಿಸಿಕೊಂಡವರಲ್ಲಿ ಚರ್ಮ ಮತ್ತು ಅಂಗಾಂಶ ವರ್ಷದಿಂದ ವರ್ಷಕ್ಕೆ ತೆಳುವಾಗಿ ಅಂಚು ಕೈಗೆ ಸಿಗುತ್ತದೆ, ಮೇಲೆ ಸುಕ್ಕು ಎದ್ದು ಕಾಣುತ್ತದೆ.

ಎದೆಯ ಸ್ನಾಯುವಿನ ಕೆಳಗೆ ಇಂಪ್ಲಾಂಟ್ ಇಟ್ಟವರಲ್ಲಿ ಬೇರೊಂದು ಪೇಚು. ಸ್ನಾಯು ಬಿಗಿದಾಗಲೆಲ್ಲ ಇಂಪ್ಲಾಂಟ್ ಮೇಲಕ್ಕೋ ಪಕ್ಕಕ್ಕೋ ಎಳೆಯಲ್ಪಡುತ್ತದೆ. ನಗರದ ಪುಸ್ತಕಗಳಲ್ಲಿ ಇದಕ್ಕೆ ಜಿಮ್‌ನ ಉದಾಹರಣೆ ಕೊಡುತ್ತಾರೆ. ನಮ್ಮ ಕಡೆ ಜಿಮ್ ಬೇಕಿಲ್ಲ. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವುದು, ನೀರಿನ ಕೊಡ ಎತ್ತುವುದು, ಬೆಟಗೇರಿಯಲ್ಲಿ ಮಗ್ಗದ ಮೇಲೆ ಕೂತು ದಿನವಿಡೀ ಕೈಯಾಡಿಸುವುದು, ಎಲ್ಲದರಲ್ಲೂ ದುಡಿಯುವುದು ಅದೇ ಎದೆಯ ಸ್ನಾಯು. ದಿನಾ ಯಾವ ಕೆಲಸ ಮಾಡುತ್ತೀರಿ ಎಂದು ಕೇಳದೆ ಇಂಪ್ಲಾಂಟ್ ಎಲ್ಲಿಡಬೇಕೆಂದು ನಿರ್ಧರಿಸುವ ವೈದ್ಯರಿಗೆ, ಅದನ್ನು ನೀವೇ ಬಾಯಿಬಿಟ್ಟು ಹೇಳಬೇಕು.

ಜಗತ್ತು ಕಲಿತ ಎರಡು ಪಾಠ

ಫ್ರಾನ್ಸ್‌ನ ಪಿಐಪಿ ಎಂಬ ಕಂಪನಿ ಹಣ ಉಳಿಸಲು, ವೈದ್ಯಕೀಯ ದರ್ಜೆಯ ಸಿಲಿಕೋನ್ ಬದಲು ಕೈಗಾರಿಕೆಯಲ್ಲಿ ಬಳಸುವ ಅಗ್ಗದ ಸಿಲಿಕೋನ್ ತುಂಬಿ ಇಂಪ್ಲಾಂಟ್ ಮಾರುತ್ತಿತ್ತು. 2010ರಲ್ಲಿ ಇದು ಬಯಲಾಯಿತು. ಅಷ್ಟರಲ್ಲಿ ಅವು ಹಲವು ದೇಶಗಳ ಸುಮಾರು 3 ಲಕ್ಷ ಮಹಿಳೆಯರ ದೇಹ ಸೇರಿದ್ದವು. 2011ರ ಡಿಸೆಂಬರ್‌ನಲ್ಲಿ ಫ್ರಾನ್ಸ್ ಸರ್ಕಾರ ತನ್ನ ದೇಶದ ಸುಮಾರು 30 ಸಾವಿರ ಮಹಿಳೆಯರಿಗೆ ಅವನ್ನು ತೆಗೆಸಿಕೊಳ್ಳಲು ಸಲಹೆ ಮಾಡಿತು. ಕಂಪನಿಯ ಸ್ಥಾಪಕ ಜಾನ್-ಕ್ಲೋದ್ ಮಾಸ್‌ಗೆ 2013ರಲ್ಲಿ ನಾಲ್ಕು ವರ್ಷ ಜೈಲು ಶಿಕ್ಷೆಯಾಯಿತು. ತಮ್ಮೊಳಗಿನ ಇಂಪ್ಲಾಂಟ್ ಯಾವ ಕಂಪನಿಯದೆಂದು ಗೊತ್ತಿಲ್ಲದವರಿಗೆ ಆ ಸುದ್ದಿ ಓದಿಯೂ ಉಪಯೋಗವಿರಲಿಲ್ಲ.

ಎರಡನೆಯದು 2019ರದು. ಅಲರ್ಗನ್ ಕಂಪನಿಯ ಬಯೋಸೆಲ್ ಎಂಬ ಒರಟು ಮೈಯ ಇಂಪ್ಲಾಂಟ್‌ಗಳಿಗೂ, ಪೊರೆಯಲ್ಲಿ ಹುಟ್ಟುವ ಒಂದು ಅಪರೂಪದ ಲಿಂಫೋಮಾ ಕ್ಯಾನ್ಸರ್‌ಗೂ ನಂಟಿರುವುದು ಖಚಿತವಾಗಿ, ಆ ವರ್ಷದ ಜುಲೈನಲ್ಲಿ ಅವನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಲಾಯಿತು. ಆಗ ಜಗತ್ತಿನಾದ್ಯಂತ ವರದಿಯಾಗಿದ್ದ ಪ್ರಕರಣ 573, ಸಾವು 33. ಇದು ಸ್ತನದ ಅಂಗಾಂಶದ ಕ್ಯಾನ್ಸರ್ ಅಲ್ಲ. ಇಂಪ್ಲಾಂಟ್ ಹಾಕಿ ವರ್ಷಗಳಾದ ಮೇಲೆ ಒಂದು ಕಡೆಯ ಸ್ತನ ಇದ್ದಕ್ಕಿದ್ದಂತೆ ಊದಿಕೊಳ್ಳುವುದು ಇದರ ಮುಖ್ಯ ಸೂಚನೆ. ಅಂಥ ಊತ ಬಂದರೆ ನೀರು ತೆಗೆದು ಚೆಲ್ಲುವಂತಿಲ್ಲ, ಅದನ್ನು ಪ್ರಯೋಗಾಲಯಕ್ಕೆ ಕಳಿಸಲೇಬೇಕು. ಬೇಗ ಪತ್ತೆಯಾದರೆ ಇಂಪ್ಲಾಂಟ್ ಮತ್ತು ಪೊರೆಯನ್ನು ಪೂರ್ತಿ ತೆಗೆಯುವುದರಿಂದಲೇ ಹೆಚ್ಚಿನವರು ಗುಣವಾಗುತ್ತಾರೆ. ಅದೇ ಕಂಪನಿಯ ಇಂಪ್ಲಾಂಟ್ ಇದ್ದು ಯಾವ ತೊಂದರೆಯೂ ಇಲ್ಲದವರು ಹೆದರಿ ತೆಗೆಸಿಕೊಳ್ಳಬೇಕಿಲ್ಲ, ಕಣ್ಣಿಟ್ಟರೆ ಸಾಕು ಎಂಬುದು ಆಗ ಎಫ್‌ಡಿಎ ಕೊಟ್ಟ ಸಲಹೆ.

ಇವೆರಡರ ಹೊರಗೆ ಇನ್ನೊಂದು ದೂರು ಇದೆ. ತೀರದ ದಣಿವು, ಕೀಲುನೋವು, ಮರೆವು, ಕೂದಲು ಉದುರುವುದು ಇವಕ್ಕೆಲ್ಲ ಇಂಪ್ಲಾಂಟೇ ಕಾರಣ ಎನ್ನುವ ಮಹಿಳೆಯರಿದ್ದಾರೆ. ಇದನ್ನು ಪತ್ತೆಹಚ್ಚುವ ಪರೀಕ್ಷೆ ಇಲ್ಲ. ತೆಗೆಸಿದ ಮೇಲೆ ಹಗುರಾಯಿತು ಎಂದವರು ಹಲವರು, ಏನೂ ಬದಲಾಗದವರೂ ಇದ್ದಾರೆ. ಥೈರಾಯ್ಡ್, ರಕ್ತಹೀನತೆ, ಸಂಧಿವಾತಗಳನ್ನು ಮೊದಲು ತಪಾಸಣೆ ಮಾಡಿಸಿ ಆಮೇಲೆ ತೀರ್ಮಾನಕ್ಕೆ ಬರುವುದು ಸರಿಯಾದ ಕ್ರಮ.

ಎರಡನೇ ಬಾರಿ ಏನು ಮಾಡುತ್ತಾರೆ?

ಪೊರೆ ಬಿಗಿದಿದ್ದರೆ ಅದನ್ನು ಸೀಳುತ್ತಾರೆ ಅಥವಾ ತೆಗೆಯುತ್ತಾರೆ. ಹೊಸ ಇಂಪ್ಲಾಂಟನ್ನು ಸಾಧ್ಯವಾದರೆ ಹೊಸ ಜಾಗದಲ್ಲಿ ಇಡುತ್ತಾರೆ. ಮೊದಲು ಹಾಲಿನ ಗ್ರಂಥಿಯ ಕೆಳಗಿದ್ದರೆ ಈಗ ಸ್ನಾಯುವಿನ ಕೆಳಗೆ, ಇಲ್ಲವೇ ತದ್ವಿರುದ್ಧ. ಜಾರಿದ್ದರೆ ಸಡಿಲವಾದ ಪೊರೆಯನ್ನು ಒಳಗಿನಿಂದ ಹೊಲಿದು ಜಾಗ ಕಿರಿದುಗೊಳಿಸುತ್ತಾರೆ. ಅಂಗಾಂಶ ತೀರಾ ತೆಳುವಾಗಿದ್ದರೆ, ಸಂಸ್ಕರಿಸಿದ ಚರ್ಮದ ಹಾಳೆಯ ಆಧಾರ ಕೊಡುವುದುಂಟು. ಜೋತುಬಿದ್ದಿದ್ದರೆ ಚರ್ಮ ತೆಗೆದು ಎತ್ತಿ ಕಟ್ಟುತ್ತಾರೆ. ಹೊಟ್ಟೆ ಅಥವಾ ತೊಡೆಯ ಕೊಬ್ಬು ತೆಗೆದು ಸುಕ್ಕಿದ್ದಲ್ಲಿ ತುಂಬುವುದೂ ಉಂಟು. ಅದರಲ್ಲಿ ಒಂದಷ್ಟು ಭಾಗ ಕರಗಿಹೋಗುತ್ತದೆ, ಮತ್ತೊಮ್ಮೆ ತುಂಬಬೇಕಾಗಬಹುದು. ಸೋಂಕು ತಗುಲಿದ್ದರೆ ಸಾಮಾನ್ಯವಾಗಿ ಇಂಪ್ಲಾಂಟ್ ತೆಗೆದು, ಗಾಯ ಮಾಗಲು ತಿಂಗಳುಗಟ್ಟಲೆ ಕಾಯ್ದು ಆಮೇಲೆ ಹೊಸದನ್ನು ಹಾಕುತ್ತಾರೆ.

ಪೊರೆಯನ್ನು ಎಲ್ಲರಲ್ಲೂ ಪೂರ್ತಿ ಕಿತ್ತು ತೆಗೆಯಬೇಕು ಎಂಬ ಪ್ರಚಾರ ಈಚೆಗೆ ಮೊಬೈಲ್ ವಿಡಿಯೊಗಳಲ್ಲಿ ಜೋರಾಗಿದೆ. ಲಿಂಫೋಮಾ ಇದ್ದರೆ ಅದು ಅಗತ್ಯ. ಉಳಿದವರಲ್ಲಿ ಪಕ್ಕೆಲುಬಿಗೆ ಅಂಟಿದ ಪೊರೆಯನ್ನು ಎಳೆಯಹೋದರೆ ಶ್ವಾಸಕೋಶದ ಹೊದಿಕೆಗೆ ತೂತಾಗುವ ಅಪಾಯವಿದೆ. ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂಬುದು ಒಳಗೆ ನೋಡಿದ ಮೇಲೆ ವೈದ್ಯರು ತೂಗಿ ನೋಡುವ ವಿಷಯ.

ಇಂಪ್ಲಾಂಟ್ ತೆಗೆಸಿ ಹಾಗೇ ಬಿಟ್ಟುಬಿಡುವುದೂ ಒಂದು ಚಿಕಿತ್ಸೆ. ಇದನ್ನು ಸೋಲು ಎಂದುಕೊಳ್ಳಬೇಕಿಲ್ಲ. ಸ್ತನ ಮೊದಲು ಜೋತುಬಿದ್ದಂತೆ ಕಂಡರೂ ತಿಂಗಳುಗಳಲ್ಲಿ ಒಂದಷ್ಟು ಕೂಡಿಕೊಳ್ಳುತ್ತದೆ. ಮತ್ತೆ ಇಂಪ್ಲಾಂಟ್ ಹಾಕಿಸಿದರೆ ಗಡಿಯಾರ ಮತ್ತೆ ಶುರುವಾಗುತ್ತದೆ. ಅಷ್ಟೇ ಅಲ್ಲ, ಎರಡನೇ ಬಾರಿ ಪೊರೆ ಬಿಗಿಯುವ ಸಾಧ್ಯತೆ ಮೊದಲ ಬಾರಿಗಿಂತ ಹೆಚ್ಚು. ಶಸ್ತ್ರಚಿಕಿತ್ಸೆಯ ಸಮಯವೂ ಖರ್ಚೂ ಸಾಮಾನ್ಯವಾಗಿ ಮೊದಲಿಗಿಂತ ಜಾಸ್ತಿ.

ಅವಸರವೂ ಸಲ್ಲದು. ರಕ್ತ ತುಂಬಿ ಊದಿದರೆ, ಕೀವಾದರೆ, ಹೊಲಿಗೆ ಬಿಚ್ಚಿ ಇಂಪ್ಲಾಂಟ್ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಆಕಾರ ಸರಿಯಿಲ್ಲ ಎಂಬ ಕಾರಣಕ್ಕಾದರೆ ಮೊದಲ ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ ಆರು ತಿಂಗಳು, ಕೆಲವೊಮ್ಮೆ ಒಂದು ವರ್ಷ ಕಾಯಬೇಕು. ತಂಬಾಕು, ಗುಟಕಾ, ಬೀಡಿ-ಸಿಗರೇಟ್ ಯಾವುದೇ ಅಭ್ಯಾಸವಿದ್ದರೂ ವಾರಗಳ ಮುಂಚೆ ಬಿಡಬೇಕು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಗದಂತೆ ಮಾಡುತ್ತದೆ. ಬಾಯಲ್ಲಿ ಅಗಿದರೂ ಅದೇ ಪರಿಣಾಮ.

ಗದಗ ಜಿಲ್ಲೆಯಿಂದ ಹೊರಟರೆ

ಮೊದಲ ಹೆಜ್ಜೆಗೆ ಬೆಂಗಳೂರಿಗೆ ಓಡಬೇಕಿಲ್ಲ. ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್‌ನಲ್ಲಿ ಶಸ್ತ್ರವೈದ್ಯರಿಗೋ ಸ್ತ್ರೀರೋಗ ತಜ್ಞರಿಗೋ ತೋರಿಸಿ, ಅಲ್ಟ್ರಾಸೌಂಡ್ ಮಾಡಿಸಿ, ಗಂಟಿದ್ದರೆ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬಹುದು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯವರಿಗೆ ಇದು ಬೆಳಿಗ್ಗೆ ಹೋಗಿ ಸಂಜೆ ಬರುವ ದಾರಿ. ಮ್ಯಾಮೊಗ್ರಾಮ್‌ಗೆ ಹೋದರೆ ಇಂಪ್ಲಾಂಟ್ ಇದೆಯೆಂದು ಯಂತ್ರದ ಮುಂದೆ ನಿಲ್ಲುವ ಮೊದಲೇ ಹೇಳಬೇಕು. ಇಂಪ್ಲಾಂಟನ್ನು ಹಿಂದೆ ಸರಿಸಿ ಹೆಚ್ಚುವರಿ ಚಿತ್ರ ತೆಗೆಯುವ ವಿಧಾನವೇ ಬೇರೆ.

ಮರುಶಸ್ತ್ರಚಿಕಿತ್ಸೆಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಓದಿದವರೇ ಬೇಕು. ಅಂಥವರು ಸಿಗುವುದು ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಬೆಂಗಳೂರಿನಂಥ ಕಡೆ. ‘ಕಾಸ್ಮೆಟಿಕ್ ತಜ್ಞ’ ಎಂಬ ಬೋರ್ಡು ಪದವಿಯಲ್ಲ. ವೈದ್ಯರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಬಹುದು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಪ್ರತಿ ಖಾಸಗಿ ಆಸ್ಪತ್ರೆಯೂ ನೋಂದಣಿ ಮಾಡಿಸಿರಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ 21 ವರ್ಷದ ಕಿರುತೆರೆ ನಟಿ ತೀರಿಕೊಂಡರು. ಹೆತ್ತವರಿಗೆ ತಿಳಿಸದೆ ಆಕೆ ದಾಖಲಾಗಿದ್ದರೆಂದು ಆಗ ವರದಿಯಾಗಿತ್ತು. ಅರಿವಳಿಕೆ ಕೊಟ್ಟು ಮಾಡುವ ಯಾವ ಚಿಕಿತ್ಸೆಯೂ ಸಣ್ಣದಲ್ಲ. ತೀವ್ರ ನಿಗಾ ಘಟಕ ಇದೆಯೇ ಎಂದು ಕೇಳುವುದು ಅನುಮಾನ ಪಟ್ಟಂತಲ್ಲ, ಅದು ರೋಗಿಯ ಹಕ್ಕು.

ಶಸ್ತ್ರಚಿಕಿತ್ಸೆ ಆದ ಮೇಲೆ ಕೆಲವು ದಿನ ಸೋರುವ ರಕ್ತ-ನೀರಿಗೆ ಕೊಳವೆ ಹಾಕಿರಬಹುದು. ಆಗ ನೂಕುನುಗ್ಗಲಿನ ಬಸ್ಸಿನಲ್ಲಿ ಊರಿಗೆ ಬರುವುದು ಬೇಡ. ನಾಲ್ಕರಿಂದ ಆರು ವಾರ ಕೊಡ ಎತ್ತುವಂತಿಲ್ಲ, ಹಿಟ್ಟು ನಾದುವಂತಿಲ್ಲ. ಮನೆಯಲ್ಲಿ ಒಬ್ಬರಿಗಾದರೂ, ಅಕ್ಕನಿಗೋ ಅತ್ತಿಗೆಗೋ ಗಂಡನಿಗೋ, ವಿಷಯ ತಿಳಿಸದೆ ಈ ವಿಶ್ರಾಂತಿ ಸಿಗುವುದು ಹೇಗೆ?

ಹಣದ ಮಾತು. ಸೌಂದರ್ಯ ಚಿಕಿತ್ಸೆಯನ್ನು ಆರೋಗ್ಯ ವಿಮೆ ಭರಿಸುವುದಿಲ್ಲ. ಆದರೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರಚನೆಗೆ, ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ನಿವಾರಿಸುವ ಚಿಕಿತ್ಸೆಗೆ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲೇ ವಿನಾಯಿತಿ ಇದೆ. ಸೋಂಕಿಗೋ ಲಿಂಫೋಮಾಕ್ಕೋ ಇಂಪ್ಲಾಂಟ್ ತೆಗೆಸಿದರೆ, ವೈದ್ಯರಿಂದ ಕಾರಣವನ್ನು ಸ್ಪಷ್ಟವಾಗಿ ಬರೆಸಿಕೊಂಡು ವಿಮಾ ಕಂಪನಿಗೆ ಅರ್ಜಿ ಹಾಕಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಓದಿ, ಇಲ್ಲವೇ ಓದಿಸಿ. ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು, ಪ್ರಬುದ್ಧ ರೋಗಿಯ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯೂ ಸಲ್ಲದು ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಒಳಗೆ ನೋಡಿದ ಮೇಲೆ ಯೋಜನೆ ಬದಲಾಗಬಹುದಾದ ಮರುಶಸ್ತ್ರಚಿಕಿತ್ಸೆಯಲ್ಲಿ ಈ ತೀರ್ಪಿಗೆ ತೂಕ ಹೆಚ್ಚು. ಯಾವ ಸಂದರ್ಭದಲ್ಲಿ ಏನು ಮಾಡಬಹುದು, ಏನು ಮಾಡಕೂಡದು ಎಂಬುದು ಮೊದಲೇ ಕಾಗದದ ಮೇಲೆ ಬರಲಿ.

ವೈದ್ಯರ ಮುಂದೆ ಕೇಳಬೇಕಾದ್ದು

- ನನ್ನ ತೊಂದರೆಗೆ ಕಾರಣ ಏನು? ಯಾವ ಪರೀಕ್ಷೆಯಿಂದ ಖಚಿತವಾಯಿತು?
- ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ?
- ತೆಗೆಸಿ ಸುಮ್ಮನಿದ್ದರೆ ನನ್ನ ಎದೆ ಹೇಗೆ ಕಾಣುತ್ತದೆ?
- ತೆಗೆದ ಪೊರೆ ಮತ್ತು ನೀರನ್ನು ಪರೀಕ್ಷೆಗೆ ಕಳಿಸುತ್ತೀರಾ?
- ಹೊಸ ಇಂಪ್ಲಾಂಟ್ ಯಾವ ಕಂಪನಿಯದು, ಮೈ ನುಣುಪೋ ಒರಟೋ?
- ಮತ್ತೆ ತೊಂದರೆಯಾದರೆ ಖರ್ಚು ಯಾರದು?

ಇಂಪ್ಲಾಂಟಿನಿಂದ ತೊಂದರೆಯಾದರೆ ಅದನ್ನು ವರದಿ ಮಾಡುವ ವ್ಯವಸ್ಥೆಯೂ ದೇಶದಲ್ಲಿದೆ. ಘಾಜಿಯಾಬಾದ್‌ನ ಭಾರತೀಯ ಫಾರ್ಮಾಕೋಪಿಯಾ ಆಯೋಗ 2015ರಿಂದ ವೈದ್ಯಕೀಯ ಉಪಕರಣಗಳ ಅಡ್ಡಪರಿಣಾಮ ದಾಖಲಿಸುವ ಮಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ನಡೆಸುತ್ತಿದೆ. ರೋಗಿಯೂ ದೂರು ಕೊಡಬಹುದು. ವೈದ್ಯಕೀಯ ನಿರ್ಲಕ್ಷ್ಯವಾದರೆ ಎರಡು ವರ್ಷದೊಳಗೆ ಗದಗಿನ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲೇರಬಹುದು.

ಇದೆಲ್ಲಕ್ಕೂ ಬೇಕಾದ್ದು ಒಂದು ಕಾಗದ. ಇಂಪ್ಲಾಂಟ್ ಪೆಟ್ಟಿಗೆಯಲ್ಲಿ ಕಂಪನಿಯ ಹೆಸರು, ಗಾತ್ರ, ಕ್ರಮಸಂಖ್ಯೆ ಇರುವ ಸ್ಟಿಕ್ಕರ್ ಬರುತ್ತದೆ. ಅದರ ಒಂದು ಪ್ರತಿ ನಿಮ್ಮ ಕೈ ಸೇರಬೇಕು. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕೆಂದಷ್ಟೇ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದೂ ಅದೇ ನಿಯಮ ಹೇಳುತ್ತದೆ. ಇಂಪ್ಲಾಂಟ್ ಒಳಗಿರುವುದು ಹತ್ತು-ಹದಿನೈದು ವರ್ಷ. ಆದ್ದರಿಂದ ಇಂಪ್ಲಾಂಟ್ ಇರುವವರು ಇವತ್ತೇ ಆಸ್ಪತ್ರೆಗೆ ಅರ್ಜಿ ಹಾಕಿ ಡಿಸ್ಚಾರ್ಜ್ ಸಾರಾಂಶ, ಆಪರೇಷನ್ ಟಿಪ್ಪಣಿ, ಸ್ಟಿಕ್ಕರ್ ಮೂರನ್ನೂ ಪಡೆದು ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ, ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಡಿ, ನಂಬಿಕೆಯ ಒಬ್ಬರಿಗೆ ಅದು ಎಲ್ಲಿದೆ ಎಂದು ಹೇಳಿಡಿ.